ಬಂದವರ ಲೆಕ್ಕ: ಶ್ರೀಲಂಕಾದ ಒಂದು ಗೆರೆ

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡ ಅಕ್ಷದ ಮೇಲೆ 1966ರಿಂದ ಆರಂಭಿಸಿ ವರ್ಷಗಳನ್ನು ಗುರುತಿಸಿ. ಲಂಬ ಅಕ್ಷದ ಮೇಲೆ ಲಕ್ಷದ ಅಳತೆ ಇರಲಿ. ಈಗ ಈ ಚುಕ್ಕೆಗಳನ್ನು ಇಡಿ. 1966ಕ್ಕೆ 18,969. 1970ಕ್ಕೆ 46,247. 1982ಕ್ಕೆ 4,07,230. 1987ಕ್ಕೆ 1,82,620. 1994ಕ್ಕೆ 4,07,511. 2001ಕ್ಕೆ 3,36,794. 2018ಕ್ಕೆ 23,33,796. 2021ಕ್ಕೆ 1,94,495. ಚುಕ್ಕೆಗಳನ್ನು ಸೇರಿಸಿದರೆ ಒಂದು ಗೆರೆ ಬರುತ್ತದೆ. ಅದು ಏರುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ.

ಇದು ನಮ್ಮ ನೆರೆಯ ಶ್ರೀಲಂಕಾಕ್ಕೆ ಆಯಾ ವರ್ಷ ಬಂದ ವಿದೇಶೀ ಪ್ರವಾಸಿಗಳ ಸಂಖ್ಯೆ. ಕಾರ್ಯಕ್ರಮಕ್ಕೆಂದು ಈ ಗೆರೆಯನ್ನು ತೆರೆಯ ಮೇಲೆ ಓಡಿಸಿ ನೋಡುತ್ತಿದ್ದಾಗ ಸಂಕಲನದ ಕೋಣೆಯಲ್ಲಿದ್ದ ಒಬ್ಬರು, "ಇದೇನು, ಹೃದಯದ ಇ.ಸಿ.ಜಿ. ಇದ್ದ ಹಾಗಿದೆ" ಎಂದರು. ನನಗೂ ಮೊದಲು ಹಾಗೆಯೇ ಅನಿಸಿತ್ತು. ದೇಶ ನೆಮ್ಮದಿಯಿಂದಿದ್ದರೆ ಅತಿಥಿಗಳು ಬರುತ್ತಾರೆ, ನೋವಿನಲ್ಲಿದ್ದರೆ ಬರುವುದಿಲ್ಲ. ಆದ್ದರಿಂದ ಈ ಗೆರೆ ದೇಶದ ನಾಡಿ ಎಂದು ಓದಿಬಿಡುವುದು ಸುಲಭ. ಆ ಓದಿನಲ್ಲಿ ಒಂದು ತಪ್ಪಿದೆ. ಅದು ಯಾವುದೆಂದು ತಿಳಿಯಬೇಕಾದರೆ ಗೆರೆಯ ಜೊತೆಗೆ ನಕ್ಷೆಯನ್ನೂ ಬಿಡಿಸಿಟ್ಟುಕೊಳ್ಳಬೇಕು.

ಮೊದಲು ಅಳತೆಯ ವಿಷಯ. ಪ್ರವಾಸಿ ಎಂದು ಯಾರನ್ನು ಎಣಿಸುತ್ತಾರೆ? ತನ್ನ ದೇಶ ಬಿಟ್ಟು ಬಂದು ಕನಿಷ್ಠ ಒಂದು ರಾತ್ರಿ ತಂಗಿ, ಒಂದು ವರ್ಷದೊಳಗೆ ಹೊರಟುಹೋಗುವವನು, ಬಂದ ದೇಶದಲ್ಲಿ ಸಂಬಳಕ್ಕೆ ದುಡಿಯದವನು ಪ್ರವಾಸಿ. ಅವನು ಸಮುದ್ರಸ್ನಾನಕ್ಕೇ ಬಂದಿರಬೇಕೆಂದಿಲ್ಲ. ವ್ಯಾಪಾರಕ್ಕೆ ಬಂದವನೂ ಪ್ರವಾಸಿ, ಬೋಧಿವೃಕ್ಷಕ್ಕೆ ಕೈಮುಗಿಯಲು ಅನುರಾಧಪುರಕ್ಕೆ ಬಂದವನೂ ಪ್ರವಾಸಿ, ಸೋದರತ್ತೆಯ ಮನೆಗೆ ಬಂದವನೂ ಪ್ರವಾಸಿ. ಈ ವ್ಯಾಖ್ಯೆಯನ್ನು ನೆನಪಿಡಿ, ಮುಂದೆ ಇದು ಒಮ್ಮೆ ನಮ್ಮನ್ನು ಮೋಸಗೊಳಿಸಲಿದೆ.

ಒಂದು ರಾತ್ರಿ ತಂಗಬೇಕೆಂಬ ನಿಯಮವನ್ನು ಹಿಂದಿನ ಕಾಲಕ್ಕೆ ಹಚ್ಚಿದರೆ ಸಿಲೋನಿನ ಹಳೆಯ ಅತಿಥಿಗಳಲ್ಲಿ ಬಹುಪಾಲು ಜನ ಲೆಕ್ಕಕ್ಕೇ ಸಿಗುವುದಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯೂರೋಪಿನಿಂದ ಪೂರ್ವಕ್ಕೂ ಆಸ್ಟ್ರೇಲಿಯಾಕ್ಕೂ ಹೋಗುವ ಹಡಗುಗಳಿಗೆ ಈ ದ್ವೀಪ ದಾರಿಯ ತಂಗುದಾಣವಾಯಿತು. 1875ರಲ್ಲಿ ಅಡಿಗಲ್ಲು ಹಾಕಿದ ಅಲೆತಡೆಯ ಗೋಡೆ 1885ರ ಹೊತ್ತಿಗೆ ಮುಗಿಯಿತು, ಗಾಲೆಯಲ್ಲಿ ನಿಲ್ಲುತ್ತಿದ್ದ ಹಡಗುಗಳು ಕೊಲಂಬೊಗೆ ಬಂದವು. ಹಡಗಿಗೆ ಕಲ್ಲಿದ್ದಲು ತುಂಬುವಷ್ಟರಲ್ಲಿ ಪ್ರಯಾಣಿಕರು ಇಳಿದು, ಕೆಂಪುಕಲ್ಲು ನೀಲಕಲ್ಲು ವ್ಯಾಪಾರ ಮಾಡಿ, ಸಮಯವಿದ್ದರೆ ರೈಲು ಹತ್ತಿ ಕ್ಯಾಂಡಿ ನೋಡಿ ಹಿಂದಿರುಗುತ್ತಿದ್ದರು. ಇವರ ಸೇವೆಗೆಂದೇ 1937ರಲ್ಲಿ ಸರ್ಕಾರ ಒಂದು ಪ್ರವಾಸಿ ಕಚೇರಿ ತೆರೆಯಿತು. ಯುದ್ಧದಿಂದಾಗಿ 1940ರಲ್ಲಿ ಅದು ಮುಚ್ಚಿತು.

ನಮ್ಮ ಗೆರೆ ಹುಟ್ಟುವುದು 1966ರಲ್ಲಿ. ಆ ವರ್ಷ ಕಾನೂನಿನ ಮೂಲಕ ಸಿಲೋನ್ ಪ್ರವಾಸಿ ಮಂಡಳಿ ಸ್ಥಾಪನೆಯಾಯಿತು. ಚಹಾ, ರಬ್ಬರು, ತೆಂಗು ಈ ಮೂರನ್ನೇ ಮಾರಿ ಬದುಕುತ್ತಿದ್ದ ದೇಶಕ್ಕೆ ವಿದೇಶೀ ವಿನಿಮಯದ ನಾಲ್ಕನೆಯ ದಾರಿಯೊಂದು ಬೇಕಿತ್ತು. ಹತ್ತು ವರ್ಷಗಳ ಯೋಜನೆ ಸಿದ್ಧವಾಯಿತು, ಬೆಂಟೋಟದ ಕಡಲತೀರದಲ್ಲಿ ಹೋಟೆಲುಗಳೆದ್ದವು. 1971ರ ಏಪ್ರಿಲ್‌ನಲ್ಲಿ ಜನತಾ ವಿಮುಕ್ತಿ ಪೆರಮುನ ಎಂಬ ಸಂಘಟನೆಯ ಯುವಕರು ದಂಗೆಯೆದ್ದಾಗ ಸಂಖ್ಯೆ 39,654ಕ್ಕೆ ಇಳಿಯಿತು. ಮರುವರ್ಷವೇ 56,047. ಗೆರೆ ಒಮ್ಮೆ ಎಡವಿ ನೇರವಾಗಿ ನಿಂತಿತು.

1970ರ ದಶಕದ ಏರಿಕೆಗೆ ಕಾರಣಗಳು ಹೆಚ್ಚಾಗಿ ದ್ವೀಪದ ಹೊರಗಿದ್ದವು. ಯೂರೋಪಿನ ಸಾಮಾನ್ಯ ನೌಕರನಿಗೂ ಸಂಬಳದ ರಜೆ ಸಿಗುತ್ತಿತ್ತು. ದೊಡ್ಡ ಜೆಟ್ ವಿಮಾನಗಳು ಬಂದವು. ಪ್ರವಾಸ ಕಂಪನಿಗಳು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು, ಹೋಟೆಲು, ಊಟ, ಸುತ್ತಾಟ ಎಲ್ಲವನ್ನೂ ಒಂದೇ ಬೆಲೆಗೆ ಕಟ್ಟಿ ಮಾರುತ್ತಿದ್ದವು. 1977ರಲ್ಲಿ ಜೆ. ಆರ್. ಜಯವರ್ಧನೆಯವರ ಸರ್ಕಾರ ಬಂದು ಆರ್ಥಿಕತೆಯ ಬಾಗಿಲು ತೆರೆಯಿತು, 1979ರಲ್ಲಿ ಏರ್ ಲಂಕಾ ಹಾರತೊಡಗಿತು. 1977ರ 1,53,665 ಐದೇ ವರ್ಷಗಳಲ್ಲಿ 4,07,230 ಆಯಿತು. ಬಂದವರಲ್ಲಿ ಹೆಚ್ಚಿನವರು ಪಶ್ಚಿಮ ಯೂರೋಪಿನವರು. ಅವರಿಗೆ ಬೇಕಾದದ್ದು ಬಿಸಿಲು, ಮತ್ತು ಅದು ತಮ್ಮೂರಿನಲ್ಲಿ ಹಿಮ ಬೀಳುವಾಗ ಸಿಗಬೇಕು.

ಇಲ್ಲಿ ಸ್ವಲ್ಪ ಭೂಗೋಳ. ನಮ್ಮ ಮಂಗಳೂರು, ಉಡುಪಿಗಳಿಗೆ ಜೂನ್‌ನಲ್ಲಿ ಬಂದು ಬಡಿಯುವ ನೈಋತ್ಯ ಮಾರುತವೇ ಅದಕ್ಕೂ ಕೆಲವು ದಿನ ಮೊದಲು ಶ್ರೀಲಂಕಾದ ಪಶ್ಚಿಮ ಮತ್ತು ದಕ್ಷಿಣ ತೀರಗಳನ್ನು ತೋಯಿಸುತ್ತದೆ. ಆಗ ಮಧ್ಯದ ಬೆಟ್ಟಗಳ ಮರೆಯಲ್ಲಿರುವ ಪೂರ್ವ ತೀರದಲ್ಲಿ ಬಿಸಿಲು, ಶಾಂತ ಸಮುದ್ರ. ವರ್ಷದ ಕೊನೆಯಲ್ಲಿ ಈಶಾನ್ಯ ಮಾರುತ ಬಂದಾಗ ಇದು ತಿರುವುಮುರುವು. ಅಂದರೆ ಇಷ್ಟು ಚಿಕ್ಕ ದ್ವೀಪಕ್ಕೆ ನಿಸರ್ಗವೇ ಎರಡು ಪ್ರವಾಸದ ಕಾಲಗಳನ್ನು ಕೊಟ್ಟಿದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೆಂಟೋಟ, ಹಿಕ್ಕಡುವ; ಮೇಯಿಂದ ಸೆಪ್ಟೆಂಬರ್‌ವರೆಗೆ ಪೂರ್ವದ ನಿಲಾವೆಲಿ, ಪಾಸಿಕುಡಾ. ಪಶ್ಚಿಮ ಮತ್ತು ದಕ್ಷಿಣದ ತೀರದಲ್ಲಿ ಹೆಚ್ಚಾಗಿ ಸಿಂಹಳೀಯರು ವಾಸಿಸುತ್ತಾರೆ, ಉತ್ತರ ಮತ್ತು ಪೂರ್ವದಲ್ಲಿ ತಮಿಳರು, ಪೂರ್ವದಲ್ಲಿ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಈ ನಕ್ಷೆಯನ್ನು ಗೆರೆಯ ಪಕ್ಕದಲ್ಲಿಟ್ಟುಕೊಳ್ಳಿ.

1983ರ ಜುಲೈ 23ರಂದು ಜಾಫ್ನಾದ ತಿರುನೆಲ್ವೇಲಿಯಲ್ಲಿ ತಮಿಳು ಹುಲಿಗಳು 13 ಮಂದಿ ಸೈನಿಕರನ್ನು ಕೊಂದರು. ಮರುದಿನದಿಂದ ಕೊಲಂಬೊದಲ್ಲಿಯೂ ಇತರ ಊರುಗಳಲ್ಲಿಯೂ ತಮಿಳರ ಮೇಲೆ ದಾಳಿಗಳು ನಡೆದವು, ಸಾವಿರಾರು ಮನೆ ಅಂಗಡಿಗಳು ಬೆಂಕಿಗೆ ಆಹುತಿಯಾದವು. ಆ ವರ್ಷದ ಸಂಖ್ಯೆ 3,37,530. ಹಿಂದಿನ ವರ್ಷಕ್ಕಿಂತ 69,700 ಕಡಿಮೆ. ಅಷ್ಟೇ ತಾನೇ ಎನ್ನಬೇಡಿ, ಆ ವರ್ಷದ ಲೆಕ್ಕದಲ್ಲಿ ಗಲಭೆಗೆ ಮುಂಚಿನ ಆರೂವರೆ ತಿಂಗಳುಗಳೂ ಸೇರಿವೆ. ವಾರ್ಷಿಕ ಅಂಕಿ ಹೀಗೆ ಪೆಟ್ಟನ್ನು ಮೆತ್ತಗೆ ಮಾಡಿ ತೋರಿಸುತ್ತದೆ. ಮುಂದೆ 1985ಕ್ಕೆ 2,57,456. 1986ರ ಮೇ 3ರಂದು ಕಟುನಾಯಕೆ ನಿಲ್ದಾಣದಲ್ಲಿ ನಿಂತಿದ್ದ ಏರ್ ಲಂಕಾ ವಿಮಾನದಲ್ಲಿ ಬಾಂಬು ಸಿಡಿದು 21 ಮಂದಿ ಸತ್ತರು, ಅವರಲ್ಲಿ ವಿದೇಶೀಯರೂ ಇದ್ದರು. 1987ಕ್ಕೆ ಗೆರೆ 1978ರಲ್ಲಿದ್ದ ಮಟ್ಟಕ್ಕಿಂತ ಕೆಳಗಿಳಿದಿತ್ತು.

ಈಗ ಒಂದು ವಿಚಿತ್ರ ನೋಡಿ. 1987ರಲ್ಲಿ 1,82,620. 1988ರಲ್ಲಿ 1,82,662. 1989ರಲ್ಲಿ 1,84,732. ಅಳತೆಪಟ್ಟಿ ಇಟ್ಟು ಎಳೆದಂತೆ ಮೂರು ವರ್ಷ ಗೆರೆ ನೆಲಕ್ಕೆ ಒರಗಿದೆ. ಆ ವರ್ಷಗಳಲ್ಲಿ ಉತ್ತರದಲ್ಲಿ ಭಾರತದ ಶಾಂತಿಪಾಲನಾ ಪಡೆ ಮತ್ತು ಹುಲಿಗಳ ನಡುವೆ ಯುದ್ಧವಿತ್ತು ನಿಜ. ಆದರೆ ಅದೇ ಹೊತ್ತಿನಲ್ಲಿ ದಕ್ಷಿಣದಲ್ಲಿ ಜನತಾ ವಿಮುಕ್ತಿ ಪೆರಮುನದ ಎರಡನೆಯ ದಂಗೆಯೂ ನಡೆದಿತ್ತು. ಬಂದ್ ಕರೆಗಳು, ಗುಂಡಿನ ಸದ್ದು, ರಸ್ತೆ ಬದಿಯ ಹೆಣಗಳು ಪ್ರವಾಸಿ ಹೋಟೆಲುಗಳಿದ್ದ ಊರುಗಳಲ್ಲಿಯೇ ಇದ್ದವು. 1989ರ ನವೆಂಬರಿನಲ್ಲಿ ಆ ಸಂಘಟನೆಯ ನಾಯಕ ರೋಹಣ ವಿಜೇವೀರನನ್ನು ಕೊಲ್ಲಲಾಯಿತು, ದಂಗೆ ಕ್ರೂರವಾಗಿ ಅಡಗಿತು.

ಮರುವರ್ಷ 1990. ಸಂಖ್ಯೆ 2,97,888ಕ್ಕೆ ಜಿಗಿಯಿತು. ಒಂದೇ ವರ್ಷದಲ್ಲಿ ಶೇಕಡ 61ರ ಏರಿಕೆ. ಗೆರೆಯೇ ದೇಶದ ನಾಡಿ ಎನ್ನುವುದಾದರೆ 1990 ಶುಭವರ್ಷವಾಗಿರಬೇಕಿತ್ತು. ಆದರೆ ಆ ವರ್ಷದ ಜೂನ್‌ನಲ್ಲಿ ಉತ್ತರ ಮತ್ತು ಪೂರ್ವದಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ಕೊಲಂಬೊದಿಂದ ಜಾಫ್ನಾಕ್ಕೆ ಹೋಗುತ್ತಿದ್ದ 'ಯಾಳ್ ದೇವಿ' ರೈಲು ನಿಂತಿತು. ಅದು ಜಾಫ್ನಾ ನಿಲ್ದಾಣವನ್ನು ಮತ್ತೆ ಮುಟ್ಟಿದ್ದು 2014ರ ಅಕ್ಟೋಬರಿನಲ್ಲಿ, ಭಾರತದ ಇರ್ಕಾನ್ ಸಂಸ್ಥೆ ಹಳಿಗಳನ್ನು ಹೊಸದಾಗಿ ಹಾಕಿಕೊಟ್ಟ ಮೇಲೆ. 1990ರ ಅಕ್ಟೋಬರಿನಲ್ಲಿಯೇ ಹುಲಿಗಳು ಉತ್ತರ ಪ್ರಾಂತದ ಮುಸ್ಲಿಮರನ್ನು ಹೊರಗಟ್ಟಿದರು. ಸುಮಾರು 70 ಸಾವಿರ ಜನ ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟರು. ನಿಮ್ಮ ಹಾಳೆಯ ಮೇಲೆ ಈ ವರ್ಷ ಗೆರೆ ಮೇಲಕ್ಕೇ ಹೋಗುತ್ತಿದೆ.

ನಾನು ಹೇಳಿದ ತಪ್ಪು ಇದೇ. ಈ ಗೆರೆ ಆತಿಥೇಯರ ದುಃಖವನ್ನು ಅಳೆಯುವುದಿಲ್ಲ, ಅತಿಥಿಗಳ ಅಂಜಿಕೆಯನ್ನು ಅಳೆಯುತ್ತದೆ. ಬೆಂಟೋಟ ಶಾಂತವಾಗಿದ್ದರೆ, ಕಟುನಾಯಕೆಯಲ್ಲಿ ವಿಮಾನ ಇಳಿಯುತ್ತಿದ್ದರೆ ಸಾಕು, ಗೆರೆಗೆ ಜಾಫ್ನಾ ಕಾಣುವುದಿಲ್ಲ. ನಿಲಾವೆಲಿ, ಪಾಸಿಕುಡಾಗಳಲ್ಲಿ ಹೋಟೆಲುಗಳು ಪಾಳುಬಿದ್ದವು, ನಿಸರ್ಗ ಕೊಟ್ಟ ಎರಡು ಕಾಲಗಳಲ್ಲಿ ಒಂದು ಕಾಲು ಶತಮಾನ ಬರಿದಾಯಿತು. ಇಡೀ ದೇಶಕ್ಕೆ ಒಂದೇ ಅಂಕಿ ಬರೆದಾಗ ಆ ಬರಿದಾದ ತೀರ ಅದರಲ್ಲಿ ಮುಳುಗಿಹೋಗುತ್ತದೆ.

1982ರ ಸಂಖ್ಯೆಯನ್ನು ದ್ವೀಪ ಮತ್ತೆ ದಾಟಿದ್ದು 1994ರಲ್ಲಿ. ಎಷ್ಟರಿಂದ ದಾಟಿತು? 281 ಜನರಿಂದ. ಹನ್ನೆರಡು ವರ್ಷಕ್ಕೆ 281! ಅದೇ ಅವಧಿಯಲ್ಲಿ ಥಾಯ್ಲೆಂಡಿಗೆ ಬರುವವರು 22 ಲಕ್ಷದಿಂದ 61 ಲಕ್ಷ ದಾಟಿದ್ದರು. ನಷ್ಟವೆಂದರೆ ಬಿದ್ದದ್ದು ಮಾತ್ರವಲ್ಲ, ಏರಬಹುದಾಗಿದ್ದು ಏರದೆ ಹೋದದ್ದು ಕೂಡ. ಬಾರದೆ ಹೋದವರ ಲೆಕ್ಕವನ್ನು ಯಾವ ನಿಲ್ದಾಣದಲ್ಲಿಯೂ ಬರೆದುಕೊಳ್ಳುವುದಿಲ್ಲ.

ಅಂಜಿಕೆ ಹೇಗೆ ಸಂಚರಿಸುತ್ತದೆ ಎಂಬುದಕ್ಕೆ 1996 ಒಳ್ಳೆಯ ಉದಾಹರಣೆ, ಕ್ರಿಕೆಟ್ ಪ್ರಿಯರಿಗೆ ಇದು ಗೊತ್ತಿರುತ್ತದೆ. ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿನ ಮೇಲೆ ಬಾಂಬು ತುಂಬಿದ ಲಾರಿ ನುಗ್ಗಿತು, 91 ಮಂದಿ ಸತ್ತರು. ಅದಾದ ಎರಡೇ ವಾರಗಳಿಗೆ ವಿಶ್ವಕಪ್ ಆರಂಭ. ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್ ತಂಡಗಳು ಕೊಲಂಬೊಗೆ ಬರಲು ಒಪ್ಪಲಿಲ್ಲ, ಪಂದ್ಯಗಳನ್ನೇ ಬಿಟ್ಟುಕೊಟ್ಟವು. ಅಂಜಬೇಕಾಗಿಲ್ಲ ಎಂದು ತೋರಿಸಲು ಭಾರತ ಮತ್ತು ಪಾಕಿಸ್ತಾನದ ಆಟಗಾರರು ಸೇರಿ ಒಂದೇ ತಂಡವಾಗಿ ಅಲ್ಲಿಗೆ ಹೋಗಿ ಆಡಿಬಂದರು. ಮಾರ್ಚ್ 17ರಂದು ಲಾಹೋರಿನಲ್ಲಿ ರಣತುಂಗರ ತಂಡ ವಿಶ್ವಕಪ್ ಗೆದ್ದಿತು. ಜಗತ್ತಿನ ಟೆಲಿವಿಷನ್ ಪರದೆಗಳ ಮೇಲೆ ಶ್ರೀಲಂಕಾದ ಬಾವುಟ ಕುಣಿದಾಡಿತು. ಅದಕ್ಕಿಂತ ದೊಡ್ಡ ಪುಕ್ಕಟೆ ಪ್ರಚಾರ ಇನ್ನೇನಿದೆ? ಆದರೂ ಆ ವರ್ಷದ ಲೆಕ್ಕ 4,03,101ರಿಂದ 3,02,265ಕ್ಕೆ ಇಳಿಯಿತು. ನಮ್ಮ ಮಾಧ್ಯಮದ ಶಕ್ತಿಯ ಬಗ್ಗೆ ಬಹಳ ಮಾತು ಕೇಳಿ ಬರುವಾಗಲೆಲ್ಲ ನಾನು ಈ ಎರಡು ಅಂಕಿಗಳನ್ನು ನೆನೆಸಿಕೊಳ್ಳುತ್ತೇನೆ.

ಅಂಜಿಕೆ ಮನಸ್ಸಿನೊಳಗೆ ಮಾತ್ರ ಇರುವುದಿಲ್ಲ, ಅದಕ್ಕೆ ಕಚೇರಿಗಳಿವೆ. 2001ರ ಜುಲೈ 24ರ ಬೆಳಗಿನ ಜಾವ ಹುಲಿಗಳು ಕಟುನಾಯಕೆಯ ವಾಯುನೆಲೆಗೂ ಪಕ್ಕದ ನಾಗರಿಕ ನಿಲ್ದಾಣಕ್ಕೂ ನುಗ್ಗಿದರು. ಶ್ರೀಲಂಕನ್ ಏರ್‌ಲೈನ್ಸ್‌ನ ವಿಮಾನಗಳಲ್ಲಿ ಸರಿಸುಮಾರು ಅರ್ಧದಷ್ಟು ನಾಶವಾದವು ಅಥವಾ ಜಖಂಗೊಂಡವು. ಮುಂದಿನ ಪೆಟ್ಟು ಲಂಡನ್ನಿನಿಂದ ಬಂತು. ಅಲ್ಲಿನ ವಿಮಾ ಮಾರುಕಟ್ಟೆ ಕೊಲಂಬೊಗೆ ಹೋಗುವ ವಿಮಾನಗಳಿಗೂ ಹಡಗುಗಳಿಗೂ ಯುದ್ಧದ ಅಪಾಯದ ವಿಮಾ ಕಂತನ್ನು ಥಟ್ಟನೆ ಏರಿಸಿತು. ಆ ಹೆಚ್ಚಳ ಟಿಕೆಟ್ಟಿನ ಬೆಲೆಗೆ ಸೇರಿತು. ಇದರ ಜೊತೆಗೆ ಪಾಶ್ಚಾತ್ಯ ಸರ್ಕಾರಗಳು ತಮ್ಮ ಪ್ರಜೆಗಳಿಗೆ ಕೊಡುವ ಪ್ರಯಾಣದ ಎಚ್ಚರಿಕೆ. "ಅವಶ್ಯವಿಲ್ಲದಿದ್ದರೆ ಹೋಗಬೇಡಿ" ಎಂಬ ಒಂದು ಸಾಲು ಹೊರಬಿದ್ದರೆ ಸಾಮಾನ್ಯವಾಗಿ ಪ್ರವಾಸಿಯ ವೈಯಕ್ತಿಕ ವಿಮೆ ಊರ್ಜಿತವಾಗುವುದಿಲ್ಲ. ವಿಮೆ ಇಲ್ಲದವರನ್ನು ಪ್ರವಾಸ ಕಂಪನಿ ಕರೆದೊಯ್ಯುವುದಿಲ್ಲ. ಒಬ್ಬೊಬ್ಬ ಪ್ರವಾಸಿ ಹೆದರಿ ಮನೆಯಲ್ಲಿ ಕೂರುವುದಕ್ಕೆ ಮೊದಲೇ ಅವನ ವಿಮಾನವೇ ರದ್ದಾಗಿರುತ್ತದೆ. ಆ ವರ್ಷ 63,620 ಮಂದಿ ಕಡಿಮೆ ಬಂದರು. ಆದರೆ ಇಡೀ ಇಳಿಕೆಯನ್ನು ಜುಲೈ 24ರ ತಲೆಗೆ ಕಟ್ಟುವಂತಿಲ್ಲ. ಅದೇ ವರ್ಷದ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಗೋಪುರಗಳು ಉರುಳಿದ್ದವು, ಜಗತ್ತೆಲ್ಲ ವಿಮಾನ ಹತ್ತಲು ಹಿಂಜರಿಯುತ್ತಿತ್ತು. ಎರಡು ಕಾರಣಗಳು ಒಂದೇ ಇಳಿಜಾರಿನಲ್ಲಿ ಬೆರೆತಿವೆ. ಪ್ರಯೋಗಶಾಲೆಯಲ್ಲಾದರೆ ಒಂದನ್ನು ಬಿಟ್ಟು ಒಂದನ್ನು ಪರೀಕ್ಷಿಸಬಹುದು, ಇತಿಹಾಸದಲ್ಲಿ ಆ ಅನುಕೂಲವಿಲ್ಲ.

2002ರ ಫೆಬ್ರವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಿಂದ ಕದನವಿರಾಮವಾಯಿತು. 2003ರಲ್ಲಿ ಮೊದಲ ಬಾರಿಗೆ ಸಂಖ್ಯೆ 5 ಲಕ್ಷ ದಾಟಿತು. ಭಾರತದಿಂದ ಹೋಗುವವರು ಹೆಚ್ಚಾದದ್ದೂ ಈ ವರ್ಷಗಳಲ್ಲಿಯೇ. ಆಮೇಲೆ ಬಂದದ್ದು 2004ರ ಡಿಸೆಂಬರ್ 26. ಸುನಾಮಿ ಅಲೆಗಳು ಪೂರ್ವ, ದಕ್ಷಿಣ ತೀರಗಳನ್ನು ಬಡಿದು 30 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದವು. ಕಡಲತೀರದ ಹೋಟೆಲುಗಳಿಗೆ ನೀರು ನುಗ್ಗಿತು. ಹಾಗಾದರೆ 2005ರಲ್ಲಿ ಗೆರೆ ಪಾತಾಳಕ್ಕೆ ಬಿದ್ದಿರಬೇಕಲ್ಲವೆ? 5,66,202ರಿಂದ 5,49,308ಕ್ಕೆ, ಅಷ್ಟೆ. ಇಲ್ಲಿಯೇ ನಮ್ಮ ವ್ಯಾಖ್ಯೆ ಮೋಸ ಮಾಡುವುದು. ಪರಿಹಾರ ಕಾರ್ಯಕ್ಕೆ ಬಂದ ವೈದ್ಯರು, ಸ್ವಯಂಸೇವಕರು, ವರದಿಗಾರರು, ನೆಂಟರನ್ನು ಹುಡುಕಿಕೊಂಡು ಬಂದವರು ಇವರೂ ಹೊರಗಿನಿಂದ ಬಂದವರೇ, ರಾತ್ರಿ ತಂಗಿದವರೇ. ನಿಲ್ದಾಣದ ಗುಮಾಸ್ತನ ಲೆಕ್ಕದಲ್ಲಿ ಅವರೂ ಸೇರಿಕೊಂಡರು. ಗೆರೆ ಬೀಳಲಿಲ್ಲ, ಹೋಟೆಲಿನ ಈಜುಕೊಳಗಳು ಮಾತ್ರ ಖಾಲಿ ಇದ್ದವು.

2009ರಲ್ಲಿ ಯುದ್ಧ ಮುಗಿಯಿತು. ಆ ವರ್ಷದ ಅಂಕಿಯನ್ನು ನಿಧಾನವಾಗಿ ನೋಡಿ. 2008ರಲ್ಲಿ 4,38,475 ಇದ್ದದ್ದು 2009ರಲ್ಲಿ 4,47,890 ಆಯಿತು. 9,415ರ ಏರಿಕೆ. ಆ ವರ್ಷದ ಮೊದಲ ಐದು ತಿಂಗಳು ಮುಲ್ಲೈತೀವಿನ ಕಡಲಂಚಿನ ಚಿಕ್ಕ ಜಾಗದಲ್ಲಿ ಲಕ್ಷಾಂತರ ತಮಿಳು ನಾಗರಿಕರು ಎರಡು ಸೈನ್ಯಗಳ ನಡುವೆ ಸಿಕ್ಕಿಬಿದ್ದಿದ್ದರು. ಸತ್ತ ನಾಗರಿಕರ ಸಂಖ್ಯೆ 40 ಸಾವಿರದವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ ತಜ್ಞರ ಮಂಡಳಿ 2011ರಲ್ಲಿ ಹೇಳಿತು, ಶ್ರೀಲಂಕಾ ಸರ್ಕಾರ ಅದನ್ನು ಒಪ್ಪಲಿಲ್ಲ. ಬದುಕುಳಿದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಇಡಲಾಯಿತು. ಗೆರೆಯ ಮೇಲೆ ಈ ವರ್ಷ ಒಂದು ಸಣ್ಣ ಏರಿಕೆ, ಅಷ್ಟೇ.

ಅನಂತರದ ಏರಿಕೆಯನ್ನು ಬೇಗ ಹೇಳಿಬಿಡಬಹುದು. 2010ರಲ್ಲಿ ಶೇಕಡ 46 ಹೆಚ್ಚಳ. 2012ರಲ್ಲಿ 10 ಲಕ್ಷ ದಾಟಿತು, 2016ರಲ್ಲಿ 20 ಲಕ್ಷ. ಪೂರ್ವ ತೀರ ತೆರೆಯಿತು, ಪಾಸಿಕುಡಾದಲ್ಲಿ ಹೊಸ ಹೋಟೆಲುಗಳು ಬಂದವು. ಯುದ್ಧ ಮುಗಿದ ವರ್ಷ ಚೀನಾದಿಂದ ಬಂದವರು 10 ಸಾವಿರಕ್ಕಿಂತ ಕಡಿಮೆ, 2016ರಲ್ಲಿ 2 ಲಕ್ಷ 70 ಸಾವಿರದಷ್ಟು. ಎಲ್ಲ ಯೋಜನೆಗಳೂ ಫಲಿಸಲಿಲ್ಲ. 2013ರಲ್ಲಿ ದಕ್ಷಿಣದ ಮತ್ತಳದಲ್ಲಿ ಚೀನಾದ ಸಾಲದಿಂದ ಕಟ್ಟಿದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ವಿಮಾನಗಳೇ ಬರಲಿಲ್ಲ, ಒಂದು ಕಾಲದಲ್ಲಿ ಅದರ ಸರಕಿನ ಕಟ್ಟಡದಲ್ಲಿ ಭತ್ತ ತುಂಬಿಟ್ಟಿದ್ದರು.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಮೂರು ಚರ್ಚುಗಳು ಮತ್ತು ಕೊಲಂಬೊದ ಮೂರು ದೊಡ್ಡ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದವು. ಸುಮಾರು 270 ಜನ ಸತ್ತರು, ಅವರಲ್ಲಿ 40ಕ್ಕೂ ಹೆಚ್ಚು ಮಂದಿ ವಿದೇಶೀಯರು. ಈ ಬಾರಿ ಗುರಿ ಅತಿಥಿಗಳೇ ಆಗಿದ್ದರು. ಹಿಂದಿನ ವರ್ಷದ ಮೇ ತಿಂಗಳಲ್ಲಿ 1,29,466 ಜನ ಬಂದಿದ್ದರೆ 2019ರ ಮೇಯಲ್ಲಿ 37,802. ಇಡೀ ವರ್ಷಕ್ಕೆ ಕಡಿಮೆಯಾದದ್ದು 4,20,094. 1982ರಲ್ಲಿ ಬಂದವರೆಲ್ಲರಿಗಿಂತ ಇದು ಹೆಚ್ಚು. ಆದರೂ ಡಿಸೆಂಬರ್ ಹೊತ್ತಿಗೆ ತಿಂಗಳ ಲೆಕ್ಕ ಹಿಂದಿನ ಡಿಸೆಂಬರಿನ ಸಮೀಪಕ್ಕೆ ಬಂದಿತ್ತು. ಆಮೇಲೆ ಕೊರೋನಾ. 2020ರ ಮಾರ್ಚ್‌ನಲ್ಲಿ ಗಡಿಗಳು ಮುಚ್ಚಿದವು, ಮತ್ತೆ ಎಲ್ಲರಿಗೂ ತೆರೆದದ್ದು 2021ರ ಜನವರಿಯಲ್ಲಿ.

ಇಲ್ಲಿಯವರೆಗೆ ದೇಶದ ಕಷ್ಟ ಗೆರೆಯನ್ನು ಬೀಳಿಸುವುದನ್ನು ನೋಡಿದೆವು. ಈಗ ಬಿದ್ದ ಗೆರೆ ದೇಶವನ್ನೇ ಎಳೆಯಿತು. 2018ರಲ್ಲಿ ಪ್ರವಾಸಿಗಳಿಂದ ಬಂದ ಆದಾಯ 438 ಕೋಟಿ ಡಾಲರು. 2020ರಲ್ಲಿ 68 ಕೋಟಿ. 2021ರಲ್ಲಿ ಇನ್ನೂ ಕಡಿಮೆ. ಪೆಟ್ರೋಲು, ಅಡುಗೆ ಅನಿಲ, ಔಷಧಿ ಎಲ್ಲವನ್ನೂ ಕೊಳ್ಳಬೇಕಾದ ಡಾಲರು ಅದು. ಹೊರಗಿನ ಸಾಲ ಮೊದಲೇ ಬೆಟ್ಟದಷ್ಟಿತ್ತು, 2019ರಲ್ಲಿ ತೆರಿಗೆ ಇಳಿಸಿದ್ದರು, 2021ರಲ್ಲಿ ರಾಸಾಯನಿಕ ಗೊಬ್ಬರ ನಿಷೇಧಿಸಿ ಬೆಳೆ ಕುಗ್ಗಿಸಿದ್ದರು. 2022ರ ಏಪ್ರಿಲ್‌ನಲ್ಲಿ ವಿದೇಶೀ ಸಾಲ ತೀರಿಸುವುದನ್ನು ನಿಲ್ಲಿಸಿರುವುದಾಗಿ ದೇಶ ಘೋಷಿಸಿತು. ಸೀಮೆಎಣ್ಣೆಗೆ, ಪೆಟ್ರೋಲಿಗೆ ದಿನಗಟ್ಟಲೆ ಸಾಲು. ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು, ಕೆಲವೇ ದಿನಗಳಲ್ಲಿ ಗೋಟಬಯ ರಾಜಪಕ್ಸ ದೇಶ ಬಿಟ್ಟರು. ಅತಿಥಿಗಳು ಬಾರದಿದ್ದುದೊಂದೇ ಇದಕ್ಕೆ ಕಾರಣವಲ್ಲ. ಆದರೆ ಇಷ್ಟು ಬೇಗ ಖಜಾನೆ ಬರಿದಾದದ್ದರಲ್ಲಿ ಅದರ ಪಾಲು ದೊಡ್ಡದು. ಆ ವರ್ಷದ ಆರಂಭದಲ್ಲಿ ಹೆಚ್ಚು ಬರುತ್ತಿದ್ದವರು ರಷ್ಯನ್ನರು. ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಅದಕ್ಕೂ ಪೆಟ್ಟು ಬಿತ್ತು.

ನಿಮ್ಮ ಹಾಳೆಯ ಮೇಲೆ ಇನ್ನು ಮೂರು ಚುಕ್ಕೆ ಇಡಿ. 2022ಕ್ಕೆ 7,19,978. 2023ಕ್ಕೆ 14,87,303. 2024ಕ್ಕೆ 20,53,465, ಇವರಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ಭಾರತದಿಂದ ಹೋದವರು.

ಈ ಕೊನೆಯ ಚುಕ್ಕೆಯೊಳಗೆ ಒಂದು ಸಣ್ಣ ಊರಿನ ಕಥೆ ಇದೆ. ಪೂರ್ವ ತೀರದಲ್ಲಿ ಅರುಗಮ್ ಬೇ ಎಂಬ ಕೊಲ್ಲಿಯಿದೆ. ಅಲೆಗಳ ಮೇಲೆ ಹಲಗೆ ಹಿಡಿದು ಸವಾರಿ ಮಾಡುವವರಿಗೆ ಅದು ಪ್ರಸಿದ್ಧ ಜಾಗ. ಮುಸ್ಲಿಮರು, ಸಿಂಹಳೀಯರು, ತಮಿಳರು ಮೂವರೂ ಇರುವ ಪ್ರದೇಶ. ಯುದ್ಧ, ಸುನಾಮಿ ಎರಡನ್ನೂ ಕಂಡ ಊರು. 2024ರ ಅಕ್ಟೋಬರ್ 23ರಂದು ಅಲ್ಲಿನ ಪ್ರವಾಸಿಗಳ ಮೇಲೆ ದಾಳಿ ನಡೆಯಬಹುದೆಂದು ಅಮೆರಿಕದ ರಾಯಭಾರ ಕಚೇರಿ ಎಚ್ಚರಿಸಿತು. ಇಸ್ರೇಲ್ ತನ್ನ ಪ್ರಜೆಗಳಿಗೆ ಕೂಡಲೇ ಜಾಗ ಬಿಡುವಂತೆ ಹೇಳಿತು. ಪೊಲೀಸರು ಬಂದು ರಸ್ತೆಗಳಲ್ಲಿ ನಿಂತರು. ದಾಳಿ ನಡೆಯಲಿಲ್ಲ, ನವೆಂಬರಿನಲ್ಲಿ ಅಮೆರಿಕ ಎಚ್ಚರಿಕೆಯನ್ನು ಹಿಂದೆಗೆದುಕೊಂಡಿತು. ಅಷ್ಟರಲ್ಲಿ ಈಶಾನ್ಯ ಮಾರುತ ಆರಂಭವಾಗಿ ಅಲ್ಲಿ ಆ ವರ್ಷದ ಪ್ರವಾಸದ ಕಾಲವೇ ಮುಗಿದಿತ್ತು. ವರ್ಷದ ಒಟ್ಟು ಲೆಕ್ಕದಲ್ಲಿ ಆ ಮೂರು ವಾರಗಳನ್ನು ಹುಡುಕಿದರೆ ಸಿಗುವುದಿಲ್ಲ.